ಪ್ರಪಂಚದ ಪುಸ್ತಕ

ನನ್ನ ಗಂಡನನ್ನು ನನ್ನಿಂದ ಕಸಿದುಕೊಂಡವನು ಸೂರ್ಯ. (ಈ ಆಪಾದನೆಗೆ ಯಾವ ಕೋರ್ಟೂ ಸಮನ್ಸು ಹೊರಡಿಸಲಾರದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.) ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡುವವರಲ್ಲ. ಇವರ ನೌಕರಿ ಖಾನಾಪುರದ ಕಟ್ಟಿಗೆ ಡಿಪೋದಲ್ಲಿ, ಮನೆ ಬೆಳಗಾವಿಯ ಮಠಗಲ್ಲಿಯಲ್ಲಿ. ನಡುವೆ ಒಂದು ತಾಸಿನ ರೈಲು, ಅಷ್ಟೇ. ಆದರೆ ಡಿಪೋದ ಬಾಗಿಲು ಹಾಕಿ ಸಂಜೆಯ ಗಾಡಿ ಹತ್ತಿ ಇವರು ಬೆಳಗಾವಿಯಲ್ಲಿ ಇಳಿಯುವ ಹೊತ್ತಿಗೆ ಸೂರ್ಯ ತನ್ನ ಮನೆ ಸೇರಿರುತ್ತಾನೆ. ದಿನಾ ಉಪವಾಸ ಮಲಗುವ ಶಕ್ತಿ ಸಾಧುಗಳಿಗೆ ಇರಬಹುದು, ಡಿಪೋದ ಕಾರಕೂನರಿಗಿಲ್ಲ. ಆದ್ದರಿಂದ ಇವರು ಡಿಪೋದ ಹಿಂದೆಯೇ ಒಂದು ಖೋಲಿ ಹಿಡಿದು, ಕೈಯಾರೆ ಅನ್ನ ಬೇಯಿಸಿಕೊಂಡು, ಶನಿವಾರ ಮಧ್ಯಾಹ್ನದ ಗಾಡಿಗೆ ಬರುತ್ತಾರೆ. ಸೋಮವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಇವರ ಹೆಸರು ಪದ್ಮಾಕರ. (ಬರೆಯಲಿಕ್ಕೆ ಅಡ್ಡಿಯಿಲ್ಲ, ಬಾಯಿಬಿಟ್ಟು ಅನ್ನುವುದಷ್ಟೇ ನಿಷಿದ್ಧ.)

ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ ಸೋನಾಬಾಯಿ. ಆ ವರ್ಷ ಅತ್ತೆ ಚಾತುರ್ಮಾಸದ ನಾಲ್ಕು ತಿಂಗಳು ಮೌನವ್ರತ ಹಿಡಿದಿದ್ದರು. ಓಣಿಯ ಹೆಂಗಸರೆಲ್ಲ ಬಂದು ನನ್ನ ಪುಣ್ಯವನ್ನು ಹೊಗಳಿ ಹೋದರು. ಮೌನ ಹಿಡಿದ ಅತ್ತೆಯ ಕೈಸನ್ನೆಯನ್ನು ಅವರು ಕಂಡವರಲ್ಲ. ಒಂದು ಬೆರಳು ಎತ್ತಿದರೆ ಬಾವಿಯಿಂದ ನೀರು ತರಬೇಕು. ಎರಡು ಎತ್ತಿದರೆ ತಂದ ನೀರನ್ನು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಮೂರು ಎತ್ತಿದರೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಟ್ಟು ಬರಬೇಕು. (ನನಗೆ ವರ್ಷಕ್ಕೊಮ್ಮೆ ಇಲ್ಲದ ತವರಿನ ಪಯಣ ಆ ಜೀವಗಳಿಗೆ ದಿನಕ್ಕೆ ನಾಲ್ಕು ಸಲ.) ಸಂಜೆ ದೀಪಕ್ಕೆ ಹುಳ ಬಿದ್ದು ಸಾಯುತ್ತವೆಂದು ದೀಪವೂ ಬೇಗ ಆರುತ್ತಿತ್ತು. ನನ್ನ ಓದಿಗೆ ಉಳಿದದ್ದು ಮಧ್ಯಾಹ್ನದ ಒಂದೇ ತಾಸು. ಅದೂ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತ, ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಕಲ್ಲು. ಕಥೆ ರಂಗೇರಿದ ದಿನ ಕಲ್ಲು ಅನ್ನದಲ್ಲಿ ಸಿಗುತ್ತಿತ್ತು. ಅತ್ತೆ ಅದನ್ನು ತಟ್ಟೆಯ ಅಂಚಿಗೆ ಇಟ್ಟು ನನ್ನ ಕಡೆ ನೋಡುವ ನೋಟದಲ್ಲಿ ವ್ರತ ಎರಡು ಸಲ ಮುರಿದಿತ್ತೆಂದು ನನ್ನ ಅಂದಾಜು.

ಇವರು ಪೇಟೆಯ ವಾಚನಾಲಯದ ಸಭಾಸದರು. ಶನಿವಾರ ಸ್ಟೇಶನ್ನಿನಿಂದ ಬರುವಾಗ ನನಗೊಂದು ಪುಸ್ತಕ ತರುವ ಔದಾರ್ಯ ಇವರಲ್ಲಿತ್ತು. ತಂದವು ಯಾವುವೆಂದರೆ, ಸೊಸೆಯಾದವಳಿಗೆ ಹಿತವಚನ, ಉಪ್ಪಿನಕಾಯಿ ಕೆಡದಂತೆ ಇಡುವ ಕ್ರಮ, ಶಿಶುಪಾಲನೆ. (ನನಗೆ ಮಕ್ಕಳಿಲ್ಲ. ಶಿಶುವಾಗಬೇಕಾದರೆ ಗಂಡ ಮನೆಯಲ್ಲಿ ಇರಬೇಕೆಂಬ ಅಧ್ಯಾಯವೊಂದು ಮಾತ್ರ ಅದರಲ್ಲಿ ಇರಲಿಲ್ಲ.) ಐದೂವರೆ ದಿನ ಮಾತಾಡುವ ಮನುಷ್ಯರಿಲ್ಲದ ಮನೆಯಲ್ಲಿ ಒಬ್ಬಳು ಉಪ್ಪಿನಕಾಯಿಯ ಜೊತೆ ಎಷ್ಟು ಹೊತ್ತು ಕೂರಬಹುದು?

ನನಗೆ ಒಂದು ಯುಕ್ತಿ ಹೊಳೆಯಿತು. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಸೋಮವಾರ ಇವರ ಅಂಗಿಯ ಕಿಸೆಗೆ ಹಾಕುವುದು. ಶನಿವಾರ ಅದು ಪುಸ್ತಕವಾಗಿ ತಿರುಗಿ ಬರುವುದು. ಮೊದಲ ಚೀಟಿಯಲ್ಲಿ, ಯಾರಾದರೂ ತಮ್ಮ ಬಾಳನ್ನು ತಾವೇ ಬರೆದುಕೊಂಡ ಪುಸ್ತಕ ಬೇಕೆಂದು ಬರೆದೆ. ಬಂದದ್ದು ಪೆನ್ಶನ್ ಆದ ಮಾಮಲೇದಾರರೊಬ್ಬರ ಆತ್ಮಚರಿತ್ರೆ, ನಾನೂರು ಪುಟ. ಆಸೆಯಿಂದ ಓದಿದೆ. ಮಾಮಲೇದಾರರು ಪ್ರತಿ ಅಧ್ಯಾಯದಲ್ಲೂ ಉಣ್ಣುತ್ತಾರೆ. ಬೇಯಿಸಿದವರು ಯಾರೆಂದು ಎಲ್ಲಿಯೂ ಇಲ್ಲ. ಹೆಂಡತಿ ಒಂದೇ ಸಲ ಬರುತ್ತಾಳೆ, ನೂರಾ ಹದಿನೇಳನೆಯ ಪುಟದಲ್ಲಿ, ಕುದುರೆ ಕೊಂಡದ್ದಕ್ಕೂ ಧಾರವಾಡಕ್ಕೆ ವರ್ಗವಾದದ್ದಕ್ಕೂ ನಡುವೆ: ‘ಆ ವರ್ಷವೇ ಲಗ್ನವೂ ಆಯಿತು.’ ಕುದುರೆಯ ಬಣ್ಣ ಬರೆದಿದ್ದರು.

ಎರಡನೆಯ ಚೀಟಿಯಲ್ಲಿ ಧೈರ್ಯ ಮಾಡಿ, ಗಂಧರ್ವರು, ರಾಜಕುಮಾರಿಯರು, ಹಾರುವ ಮಂಚ ಇರುವ ಪ್ರೇಮದ ಕಾದಂಬರಿ ಕೇಳಿದೆ. ಇವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನಗೇ ಕೊಟ್ಟು, ಅಂಥಾವು ಗೃಹಸ್ಥರ ಮನೆಗೆ ತಕ್ಕವಲ್ಲ, ಓದಿದ ಹೆಂಗಸರ ಮನಸ್ಸು ಒಲೆಯ ಮುಂದೆ ನಿಲ್ಲುವುದಿಲ್ಲ ಎಂದರು. ಒಲೆಯ ಮುಂದೆ ನಿಲ್ಲುವುದು ಕಾಲು, ಮನಸ್ಸಲ್ಲ ಎಂದು ನಾನು ಅಂದದ್ದು ಇವರಿಗೆ ಕೇಳಿಸಲಿಲ್ಲ. ಆಗ ಕುಟ್ಟಾಣಿಯಲ್ಲಿ ಮೆಣಸು ಕುಟ್ಟುತ್ತಿದ್ದೆ.

ಮೂರನೆಯ ಚೀಟಿಯನ್ನು ಯಾರ ಶೀಲಕ್ಕೂ ಧಕ್ಕೆ ಬರದಂತೆ ಬರೆದೆ: ‘ಪ್ರಪಂಚದ ಪುಸ್ತಕ ಬೇಕು. ದೊಡ್ಡದಿರಲಿ.’

ಶನಿವಾರ ಇವರು ನಗುನಗುತ್ತ ಬಂದರು. ಕಡೆಗೂ ನಿನಗೆ ಬುದ್ಧಿ ಬಂತು, ವಾಚನಾಲಯದ ತಾತ್ಯಾಸಾಹೇಬರೇ ಮೆಚ್ಚಿ ಹುಡುಕಿ ಕೊಟ್ಟರು ಎಂದು ಎರಡೂ ಕೈಯಲ್ಲಿ ಹಿಡಿಯುವಂಥ ಗ್ರಂಥವನ್ನು ಮುಂದಿಟ್ಟರು. ಮರಾಠಿಯದು. ತೆರೆದೆ. ಮೊದಲ ಅಧ್ಯಾಯ, ಹಿತ್ತಾಳೆ ಪಾತ್ರೆಗೆ ಹುಣಸೆ ಹಚ್ಚುವ ಬಗೆ. ಎರಡನೆಯದು, ಉಣ್ಣೆಯ ಬಟ್ಟೆ ಒಗೆಯುವುದು. ಕಡೆಯ ಅಧ್ಯಾಯ, ಅತಿಥಿಗಳು ಹೋದ ಮೇಲೆ ಮಾಡುವ ಕೆಲಸಗಳು, ಒಟ್ಟು ಮೂವತ್ತೊಂದು. ಸಮುದ್ರವಿಲ್ಲ, ಪರ್ವತವಿಲ್ಲ, ವಿಲಾಯತಿಯಿಲ್ಲ. ಜಗತ್ತಿನ ಅಷ್ಟೂ ದಪ್ಪವನ್ನು ಅಡಿಗೆಮನೆಯೇ ತಿಂದುಬಿಟ್ಟಿತ್ತು.

ಮಂಗಳವಾರದವರೆಗೆ ತಡೆದೆ. ಬುಧವಾರ ಮಧ್ಯಾಹ್ನ ಅಕ್ಕಿಯ ಮೊರ ಬದಿಗಿಟ್ಟು, ಗ್ರಂಥವನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನೇ ವಾಚನಾಲಯಕ್ಕೆ ಹೋದೆ. ಊರಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿ ನಾವು ಹೆಂಗಸರೂ ಮಂಟಪದಲ್ಲಿ ಕೂತು ಸ್ವರಾಜ್ಯದ ಭಾಷಣ ಕೇಳಿ ಬಂದಿದ್ದೆವು. ಆದರೆ ಈ ವಾಚನಾಲಯದ ಆರು ಮೆಟ್ಟಿಲು ಹತ್ತಿದ ಹೆಂಗಸು ಆವರೆಗೆ ಚಂದ್ರವ್ವ ಒಬ್ಬಳೇ, ಕಸ ಹೊಡೆಯಲಿಕ್ಕೆ.

ಒಳಗೆ ಐದಾರು ಗಂಡಸರು ವೃತ್ತಪತ್ರಗಳನ್ನು ಮೂಗಿನಿಂದ ಕೆಳಗಿಳಿಸಿದರು. ಮೇಜಿನ ಹಿಂದೆ ತಲೆಗೆ ಪಗಡಿ ಸುತ್ತಿ ಕೂತಿದ್ದ ಮುದುಕರೇ ತಾತ್ಯಾಸಾಹೇಬರೆಂದು ತಿಳಿದುಕೊಂಡೆ. ಮನೆಮಾತು ಮರಾಠಿ, ಆದರೆ ನನ್ನೊಡನೆ ಕನ್ನಡದಲ್ಲೇ, ಯಾರ ಹೆಸರಿನ ಪುಸ್ತಕವೆಂದು ಕೇಳಿದರು. ಇಲ್ಲಿ ನಾನು ಸಿಕ್ಕಿಬಿದ್ದೆ. ಗಂಡನ ಹೆಸರು ಹೇಳದೆ ಪುಸ್ತಕ ತಿರುಗಿಸುವಂತಿಲ್ಲ; ಬರಿದೇ ಹೇಳುವಂತೆಯೂ ಇಲ್ಲ. ಲಗ್ನದಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುತ್ತಾರಲ್ಲ, ಅದೊಂದೇ ದಾರಿ. ನೆಲ ನೋಡುತ್ತ ಹೇಳಿದೆ:

“ಸಾಗವಾನಿ ಕಟ್ಟಿಗಿ ಖಾನಾಪುರದ ಅಡವಿಯೊಳಗ,
ಪದ್ಮಾಕರರಾಯರ ಹೆಸರ ಹೇಳತೀನಿ ಪುಸ್ತಕದ ಕಪಾಟಿನೊಳಗ.”

ಮೂಲೆಯಲ್ಲಿ ಒಬ್ಬರು ‘ವಾಹ್ವಾ’ ಎಂದರು. ಆ ಕಟ್ಟಡದಲ್ಲಿ ಹೆಂಗಸಿನ ಸಾಹಿತ್ಯಕ್ಕೆ ಸಿಕ್ಕ ಮೊದಲ ಮನ್ನಣೆ ಅದು.

ತಾತ್ಯಾಸಾಹೇಬರು ನಗಲಿಲ್ಲ. ನನ್ನ ದೂರು ಕೇಳಿ ಅವರಿಗೆ ನೋವಾಯಿತು.

“ಬಾಯೀ, ಪ್ರಪಂಚದ ಪುಸ್ತಕ ಕೊಡ್ರಿ ಅಂತ ನೀವಽ ಬರದೀರಿ. ನಾ ಪ್ರಪಂಚನಽ ಕೊಟ್ಟೇನಿ.”

“ಪ್ರಪಂಚ ಅಂದ್ರ ಜಗತ್ತರೀ. ಸಮುದ್ರ, ಹಡಗ, ಬ್ಯಾರೆ ದೇಶದ ಮಂದಿ.”

“ಹಾಂಗಂದ್ರ ಜಗ ಅಂತ ಬರೀಬೇಕಿತ್ತು. ನಮ್ಮ ಮರಾಠಿಯೊಳಗ ಪ್ರಪಂಚ ಅಂದ್ರ ಮನಿ, ಮಕ್ಕಳು, ಒಲಿ. ಮತ್ತ ಹೆಂಗಸೂರು ಕೇಳ್ಯಾರ ಅಂದಮ್ಯಾಲೆ ನಾ ಬ್ಯಾರೆ ಅರ್ಥ ಹ್ಯಾಂಗ ಮಾಡ್ಲಿ?”

ಎರಡು ಭಾಷೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ಬದುಕುವ ಊರು ನಮ್ಮದು. ಒಂದೇ ಪದ, ಗೋಡೆಯ ಈ ಕಡೆ ಹಿಮಾಲಯ, ಆ ಕಡೆ ಹುಣಸೆಹಣ್ಣು. ನನ್ನ ಪಾಲಿಗೆ ಯಾವ ಕಡೆಯದು ಬಂತೆಂದು ಹೇಳಬೇಕಾಗಿಲ್ಲ.

ನಾನು ಗ್ರಂಥವನ್ನು ಮೇಜಿನ ಮೇಲಿಟ್ಟು ಹೊರಟದ್ದು ನೋಡಿ ಅವರಿಗೆ ಕನಿಕರ ಬಂದಿರಬೇಕು. ಜಗತ್ತಿನ ಪುಸ್ತಕಗಳು ನಿಮ್ಮ ಮನೆಗೆ ಬರುತ್ತಲೇ ಇವೆಯಲ್ಲ ಎಂದು ಪುಸ್ತಕ ಕೊಟ್ಟ ಲೆಕ್ಕದ ವಹಿಯನ್ನು ನನ್ನ ಕಡೆ ತಿರುಗಿಸಿದರು. ಇವರ ಹೆಸರಿನ ಮುಂದೆ ವಾರಕ್ಕೆ ಎರಡು ಪುಸ್ತಕ. ಶನಿವಾರದ್ದು ನನ್ನದು, ಉಪ್ಪಿನಕಾಯಿ. ಸೋಮವಾರ ಮುಂಜಾನೆ ಸ್ಟೇಶನ್ನಿಗೆ ಹೋಗುವಾಗ ತಾತ್ಯಾಸಾಹೇಬರನ್ನು ನಿದ್ದೆಯಿಂದ ಎಬ್ಬಿಸಿ ಒಯ್ದದ್ದು ತಮಗೆ. ಕೈಲಾಸಕ್ಕೆ ನಡೆದು ಹೋದ ಸಾಧುವಿನ ಪ್ರವಾಸ. ಒಬ್ಬ ನಾವಿಕನ ನೆನಪುಗಳು. ಪತ್ತೇದಾರಿ ಒಂದು. ಗಂಧರ್ವನ ಪ್ರೇಮದ ಕಾದಂಬರಿ. ಮುಂದಿನ ವಾರ ಅದೇ ಗಂಧರ್ವ. ಒಂದು ವಾರ ಬಿಟ್ಟು ಮತ್ತೆ ಅದೇ ಗಂಧರ್ವ.

ಗೃಹಸ್ಥರ ಮನೆಗೆ ತಕ್ಕದ್ದಲ್ಲವೆಂದು ಗಂಧರ್ವನನ್ನು ಖೋಲಿಯಲ್ಲಿ ಇಟ್ಟಿದ್ದರು.

ಶನಿವಾರದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ಬೇಗ ಅಡಿಗೆ ಮುಗಿಸಿ, ಖಾನಾಪುರಕ್ಕೆ ಹೋಗಿ ಸಂಜೆಯೊಳಗೆ ಬರುತ್ತೇನೆಂದು ಅತ್ತೆಗೆ ತಿಳಿಸಿದೆ. ಅತ್ತೆ ಎರಡೂ ಕೈ ಅಗಲಿಸಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಬೇಡವೆಂದಿರಬಹುದು, ಹೋಗಿ ಬಾ ಎಂದೂ ಇರಬಹುದು. ವ್ರತಸ್ಥರ ಸನ್ನೆಗೆ ಕೆಟ್ಟ ಅರ್ಥ ಹಚ್ಚುವುದು ಪಾಪವೆಂದು ಒಳ್ಳೆಯದನ್ನೇ ಹಚ್ಚಿಕೊಂಡು ಹೊರಟೆ.

ಗಾಡಿಯಲ್ಲಿ ಭಾಷಣ ತಯಾರು ಮಾಡಿದೆ. ನಡುದಾರಿಯ ದೇಸೂರು ಸ್ಟೇಶನ್ನಿಗೆ ಪೀಠಿಕೆ ಮುಗಿಯಿತು, ಖಾನಾಪುರಕ್ಕೆ ಶಿಕ್ಷೆಯೂ ನಿರ್ಧಾರವಾಯಿತು. ಡಿಪೋದ ಹಿಂದಿನ ಖೋಲಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಹೊತ್ತಿದ ಅನ್ನದ ವಾಸನೆ ಹಿಡಿದು ಹೋದೆ. ಒಲೆಯ ಮೇಲೆ ತಪೇಲಿ ಕರಿದಾಗಿತ್ತು. ಮಧ್ಯಾಹ್ನದ ಊಟದ ಬಿಡುವಿಗೆ ಬಂದ ಇವರು ಗೋಡೆಗೆ ಒರಗಿ, ಕಾಲು ಚಾಚಿ, ಮೂಗನ್ನು ಪುಸ್ತಕದಲ್ಲಿ ಹುಗಿದಿದ್ದರು. ಒಂದೇ ಚಾಪೆ, ಒಂದೇ ತಟ್ಟೆ, ಒಂದೇ ಲೋಟ. ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು. ಆ ಖೋಲಿಯನ್ನು ನಾನು ಈ ಮೊದಲು ನೋಡಿರಲಿಲ್ಲ.

ನನ್ನನ್ನು ಕಂಡು ಹೆದರುತ್ತಾರೆಂದುಕೊಂಡಿದ್ದೆ. ಹೆದರಲಿಲ್ಲ. ಮುಖ ಅರಳಿತು. ಯಾಕೆ ಬಂದೆ, ಹೇಗೆ ಬಂದೆ ಎಂದೂ ಕೇಳಲಿಲ್ಲ.

“ಬಂದ್ಯಾ? ಛಲೋ ಆತು. ಕುಂದರ, ಕುಂದರ. ಈಗ ನೋಡು, ಅಕೀನ್ನ ಗುಹಾದಾಗ ಕೂಡಿಹಾಕ್ಯಾರ. ಗಂಧರ್ವ ಮುಖಕ್ಕ ಮುಸುಕ ಹಾಕ್ಕೊಂಡ ಬರತಾನ...”

ಭಾಷಣಕ್ಕೆ ಎಡೆಯೇ ಸಿಗಲಿಲ್ಲ. ಇವರು ಹೇಳುತ್ತಲೇ ಹೋದರು. ನಾನು ತಪೇಲಿ ಕೆರೆದೆ. ಗಂಧರ್ವ ಬೆಟ್ಟ ದಾಟಿದ. ನೀರು ಸೋಸಿ ಬೇರೆ ಅನ್ನಕ್ಕೆ ಇಟ್ಟೆ. ರಾಜಕುಮಾರಿ ಮೂರ್ಛೆ ಹೋದಳು. ಬೇಳೆ ಕುದಿಯಿತು, ಅವಳು ಎಚ್ಚರಾದಳು. (ಮುನ್ನೂರು ಪುಟಗಳಲ್ಲಿ ಅವಳು ಮಾಡಿದ ಕೆಲಸ ಅವೆರಡೇ.) ಮಾತು ಮಾತಿನ ಮೇಲೆ ಬೀಳುತ್ತಿತ್ತು. ವಾರಗಟ್ಟಲೆ ಯಾರೊಡನೆಯೂ ಮಾತಾಡದವರು ಹಾಗೆ ಮಾತಾಡುತ್ತಾರೆ, ನನಗೆ ಗೊತ್ತು. ಕಡೆಗೆ ಬಡಿಸಿದ ಮೇಲೆ, ಬಾಯಲ್ಲಿ ತುತ್ತಿರುವ ಸಂದು ನೋಡಿ ಕೇಳಿದೆ.

“ಈ ಪುಸ್ತಕ ನನಗ ಬ್ಯಾಡ, ಮನಸ್ಸು ಕೆಡತೈತಿ ಅಂದಿದ್ರಿ. ನಿಮ್ಮ ಮನಸ್ಸು?”

“ನನ್ನ ಮಾತ ಬ್ಯಾರೆ. ನಾ ಇಲ್ಲೆ ಒಬ್ಬಾಂವ ಇರತೀನಿ. ಹೊತ್ತ ಹೋಗಬೇಕಲ್ಲ?”

“ನಾ ಅಲ್ಲೆ ಎಷ್ಟ ಮಂದಿ ಇರತೀನ್ರಿ?”

“ಅವ್ವ ಅದಾಳಲ್ಲ.”

“ಅವ್ವ ಮಾತ ಬಿಟ್ಟು ಎರಡ ತಿಂಗಳಾತು.”

ಆಮೇಲೆ ಇವರು ಗಂಧರ್ವನ ಸುದ್ದಿ ಎತ್ತಲಿಲ್ಲ. ಉಂಡು, ಕೈ ತೊಳೆದು (ತಟ್ಟೆ ನಾನು ತೊಳೆದೆ), ಟ್ರಂಕಿನಿಂದ ಇನ್ನೆರಡು ಪುಸ್ತಕ ತೆಗೆದು ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟರು. ನಾವಿಕನ ನೆನಪುಗಳು, ಕೈಲಾಸ, ಗಂಧರ್ವ. “ಯಾವದ ಬೇಕು, ನೋಡಿ ತಗೋ” ಎಂದರು. ನನಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಸೀರೆಯನ್ನು ಸಹ ಅತ್ತೆಯೇ ಆರಿಸುತ್ತಿದ್ದರು. ನಾವಿಕನನ್ನು ತೆರೆದೆ, ಮುಚ್ಚಿದೆ. ಕೈಲಾಸದ ನಕಾಶೆಯ ಮೇಲೆ ಬೆರಳಾಡಿಸಿದೆ. ಮತ್ತೆ ನಾವಿಕ. ಗಾಡಿಗೆ ಹೊತ್ತಾಗುತ್ತದೆಂದು ಇವರು ಚಡಪಡಿಸಿದರು. ಚಡಪಡಿಸಲಿ ಎಂದು ಇನ್ನೂ ಸ್ವಲ್ಪ ಹೊತ್ತು ಆರಿಸಿದೆ. ಕಡೆಗೆ ಗಂಧರ್ವನನ್ನೇ ಎತ್ತಿಕೊಂಡೆ. ಗುಹೆಯಿಂದ ಮುಂದಿನದನ್ನು ನಾನೇ ಓದುತ್ತೇನೆ, ಒಂದು ಅಕ್ಷರವನ್ನೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡೆ.

ಸ್ಟೇಶನ್ನಿಗೆ ನಡೆಯುವಾಗ ಇವರು ಪಟ್ಟ ಪಾಡು ಹೇಳತೀರದು. ಬಾಯಿ ತೆರೆಯುವರು, ನನ್ನ ಮುಖ ನೋಡಿ ಮುಚ್ಚುವರು. ಸೀನು ಬಂದು ನಿಂತವರ ಹಾಗೆ ಕಣ್ಣಲ್ಲಿ ನೀರು. ಹೆಂಗಸರ ಡಬ್ಬಿಯಲ್ಲಿ ಕಿಟಕಿಗೆ ಜಾಗ ಮಾಡಿಕೊಟ್ಟರು. ಶನಿವಾರದೊಳಗೆ ಓದಿ ಮುಗಿಸಿರು, ಇಬ್ಬರೂ ಕೂತು ಮಾತಾಡೋಣ ಎಂದರು. ಲಗ್ನವಾಗಿ ಆರು ವರ್ಷಕ್ಕೆ ನನಗೆ ಅಂಥ ಒಂದು ಶನಿವಾರ ಸಿಕ್ಕಿತೆಂದು ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡೆ.

ಗಾಡಿ ಅಲುಗಿತು. ಇವರು ಜೊತೆಗೆ ನಡೆದರು. ಗಾಡಿ ಜೋರಾಯಿತು, ಇವರು ಧೋತರ ಎತ್ತಿ ಹಿಡಿದು ಓಡತೊಡಗಿದರು. ಪ್ಲಾಟ್‌ಫಾರ್ಮು ಮುಗಿಯುವ ಜಾಗದಲ್ಲಿ, ಆಣೆ ಹಾಳಾಗಿ ಹೋಗಲಿ ಎಂಬ ಮುಖ ಮಾಡಿ, ಇಡೀ ಖಾನಾಪುರಕ್ಕೆ ಕೇಳುವಂತೆ ಕೂಗಿದರು:

“ಗಾಬರಿ ಆಗಬ್ಯಾಡ, ಆ ಗಂಧರ್ವ ಅಂದ್ರ ಅಕಿ ಗಂಡನಽ ಇರತಾನ!”

ಡಬ್ಬಿಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಕಡೆ ತಿರುಗಿದೆ. ಕಟ್ಟಿಗೆಯ ರಾಶಿಗಳ ಪಕ್ಕದಲ್ಲಿ ಇವರು ಸೊಂಟಕ್ಕೆ ಕೈಕೊಟ್ಟು ನಿಂತು ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ದೊಡ್ಡ ಭಾರ ಇಳಿಸಿದವರ ಸಮಾಧಾನ.

ದೇಸೂರು ದಾಟುವವರೆಗೆ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಮೊದಲ ಪುಟ ತೆರೆದೆ. ರಾಜಕುಮಾರಿ ಕಿಟಕಿಯಲ್ಲಿ ಕೂತಿದ್ದಳು, ಯಾರೋ ಬರುತ್ತಾರೆಂದು ದಾರಿ ನೋಡುತ್ತ. ಯಾರೆಂದು ಅವಳಿಗೆ ಗೊತ್ತಿಲ್ಲ. ಮುನ್ನೂರು ಪುಟ ಕಾಯಬೇಕು ಪಾಪ, ಬರುವವನು ಮನೆಯವನೇ. ಈಗಲೇ ಹೇಳಿಬಿಡೋಣವೇ ಎನಿಸಿತು. ಹೇಳಲಿಲ್ಲ, ಅವಳ ಜೊತೆಗೇ ಕೂತೆ. ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು.