ಕೂತದ್ದಕ್ಕೆ ಎಂತ ಸಂಬಳ?

ವಿಮಾನ ಕಂಪನಿಯಲ್ಲಿ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತದೆ ಎಂದು ನಂಬಿ ನಾನು ಕೆಲಸಕ್ಕೆ ಸೇರಿದೆ. ನಿಯಮದ ಪ್ರಕಾರ ನಡೆದಾಗಲೇ ನಗು ಬರುವಂಥದ್ದು ಹೆಚ್ಚು ನಡೆಯುತ್ತದೆ ಎಂದು ಸೇರಿದ ಮೇಲೆ ತಿಳಿಯಿತು. ಒಂದನ್ನು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಇಳಿಯುತ್ತಿತ್ತು.

ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯಲು ಶುರುವಾಗಿ ಆಗ ಬಹಳ ಕಾಲ ಆಗಿರಲಿಲ್ಲ. ಬೊಂಬಾಯಿಯಿಂದ ಬೆಳಗಾವಿಯಲ್ಲಿ ಇಳಿದು ಒಂದು ಡಕೋಟಾ ಬರುತ್ತಿತ್ತು. ಮಧ್ಯಾಹ್ನದವರೆಗೆ ನಿಂತು, ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ನಾನು ಬಿ.ಎಸ್ಸಿ. ಮುಗಿಸಿ ಬಲ್ಮಠದಲ್ಲಿದ್ದ ಕಂಪನಿಯ ಆಫೀಸಿನಲ್ಲಿ ಸಹಾಯಕನಾಗಿದ್ದೆ. ವಿಮಾನ ಬರುವ ದಿನ ಬಜ್ಪೆಗೆ ಹೋಗುವುದು, ಉಳಿದ ದಿನ ಮ್ಯಾನೇಜರ್ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

೧. ಕುರ್ಚಿ

ಆ ವರ್ಷ ಪೈಲಟ್‌ಗಳ ಸಂಘಕ್ಕೂ ಕಂಪನಿಗೂ ಜಗಳ. ಪೈಲಟ್‌ಗಳಿಗೆ ಹಾರಿದ ಹೊತ್ತಿಗೆ ಮಾತ್ರ ಭತ್ಯೆ. ನೆಲದ ಮೇಲೆ ಕಾದದ್ದಕ್ಕೆ ಏನೂ ಇಲ್ಲ, ದಿನಕ್ಕೆ ಇಷ್ಟೇ ಹೊತ್ತು ಎಂದಿರುವ ಕೆಲಸದ ಲೆಕ್ಕಕ್ಕೂ ಅದು ಸೇರುವುದಿಲ್ಲ. ಬಿಸಿಲಲ್ಲಿ ಅರ್ಧ ದಿನ ಬೆಂದು ಆಮೇಲೆ ಮತ್ತೆ ಹಾರಬೇಕು. ಕಾಯುವುದನ್ನೂ ಕೆಲಸ ಎಂದು ಒಪ್ಪಬೇಕು ಎಂಬುದು ಸಂಘದ ಬೇಡಿಕೆ. ಆಯಾ ಊರಿನ ಮ್ಯಾನೇಜರ್ ಒಪ್ಪಿದರೆ ಆ ಮಾರ್ಗದಲ್ಲಿ ಜಾರಿ ಮಾಡಬಹುದು ಎಂದು ಮುಖ್ಯ ಕಚೇರಿ ಜಾಣತನದಿಂದ ಕೈ ತೊಳೆದುಕೊಂಡಿತ್ತು.

ನಮ್ಮ ಮಾರ್ಗದಲ್ಲಿ ಸಂಘದ ಪರವಾಗಿ ಮಾತಾಡುವವರು ಧಾರವಾಡ ಕಡೆಯ ಒಬ್ಬ ಕ್ಯಾಪ್ಟನ್. ನಮ್ಮ ಮ್ಯಾನೇಜರ್ ಉರ್ವದ ಕೊಂಕಣಿ ಕ್ರಿಶ್ಚಿಯನರು, ಕಂಪನಿಯ ದುಡ್ಡನ್ನು ಸ್ವಂತದ್ದೆಂದೇ ತಿಳಿದವರು. ಮೊದಲ ಮಾತುಕತೆಯಲ್ಲೇ ಅವರು ಕೇಳಿದರು: “ಎಂಜಿನ್ ನಿಂತಿರ್ತದೆ, ನೀವು ಕೂತಿರ್ತೀರಿ. ಕೂತದ್ದಕ್ಕೆ ಎಂತ ಸಂಬಳ ಮಾರಾಯ್ರೆ?”

ಕ್ಯಾಪ್ಟನ್ ಮ್ಯಾನೇಜರರ ತಿರುಗುವ ಕುರ್ಚಿಯನ್ನೂ ಅದರ ಮೇಲಿನ ಕಸೂತಿಯ ಮೆತ್ತೆಯನ್ನೂ ನಿಧಾನವಾಗಿ ನೋಡಿದರು. “ಸಾಹೇಬ್ರ, ಹಂಗಾರ ನೀವು ಸಂಬಳಾ ತಗೋಳೂದು ಯಾತಕ್ಕ?”

ಇದನ್ನು ಬರೆದುಕೊಳ್ಳಬೇಕೇ ಎಂದು ನಾನು ಕೇಳಿದೆ. ಬೇಡ ಎಂದರು ಮ್ಯಾನೇಜರ್. ಅದರ ನಂತರದ ಮಾತುಕತೆಗಳನ್ನೆಲ್ಲ ಮ್ಯಾನೇಜರ್ ನಿಂತೇ ನಡೆಸಿದರು. ಕ್ಯಾಪ್ಟನ್ ಕೂತಿರುತ್ತಿದ್ದರು.

೨. ಬೇರೆ ಬೇರೆ ತಟ್ಟೆ

ಸಂಘ ಆಮೇಲೆ ಒಂದು ತೀರ್ಮಾನ ಮಾಡಿತು: ಬೇಡಿಕೆ ಒಪ್ಪುವವರೆಗೆ ಪುಸ್ತಕದಲ್ಲಿರುವ ಪ್ರತಿ ನಿಯಮವನ್ನೂ ಅಕ್ಷರಶಃ ಪಾಲಿಸುವುದು. ಕ್ಯಾಪ್ಟನ್ ಮತ್ತು ಸಹಪೈಲಟ್ ಒಂದೇ ಅಡುಗೆಯ ಊಟ ಮಾಡಬಾರದು ಎಂದು ಅದರಲ್ಲಿ ಇತ್ತು. ಅಲ್ಲಿಯವರೆಗೆ ಇಬ್ಬರೂ ಒಂದೇ ಪಾತ್ರೆಯ ಕೋರಿ ರೊಟ್ಟಿ ಮುಗಿಸುತ್ತಿದ್ದರು.

ಅವರಿಗೆ ಊಟ ಹೋಗುತ್ತಿದ್ದದ್ದು ಬಲ್ಮಠದ ಒಂದು ಹೋಟೆಲಿನಿಂದ. ಅದರ ಯಜಮಾನರು ಬಂಟರು, ದೊಡ್ಡ ಆಳು, ಮೆತ್ತಗಿನ ಮನಸ್ಸು. ಒಬ್ಬರಿಗೆ ಕೋಳಿ, ಒಬ್ಬರಿಗೆ ಮೀನು ಎಂದು ಹೇಳಿಕಳುಹಿಸಿದಾಗ, ಇಬ್ಬರಿಗೂ ಮಾತು ಬಿಟ್ಟಿದೆ ಎಂದು ತಿಳಿದು ರಾಜಿ ಮಾಡಿಸಲು ತಾವೇ ಬಜ್ಪೆಗೆ ಬಂದರು. ಜಗಳ ಅಲ್ಲ ಎಂದು ನಾನು ವಿವರಿಸಿದೆ. ಊಟದಿಂದ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಇನ್ನೊಬ್ಬರು ವಿಮಾನ ಇಳಿಸಬೇಕಲ್ಲ.

ಯಜಮಾನರು ತಂದಿದ್ದ ಊಟದ ಕ್ಯಾರಿಯರ್ ಕೆಳಗಿಟ್ಟರು. “ಹಾಗಾದರೆ ನನ್ನ ಊಟದಿಂದ ಒಬ್ಬ ಬೀಳುವುದು ಖಂಡಿತ ಅಂತ ಮೊದಲೇ ಬರೆದಿಟ್ಟದ್ದು ಉಂಟಾ?”

ಹಾಗೆಂದು ಅಲ್ಲ, ಆದರೂ ನಿಯಮ ಎಂದೆ.

“ಆಗಲಿ. ಬೀಳುವವ ಯಾರು ಅಂತ ಬೆಳಿಗ್ಗೆಯೇ ಹೇಳಿಕಳುಹಿಸಿ. ನಿನ್ನೆಯ ಸಾರು ಅವನಿಗೆ ಹಾಕ್ತೇನೆ.”

೩. ತಕ್ಕಡಿ

ಪ್ರತಿ ಪ್ರಯಾಣಿಕನನ್ನೂ ತೂಗಬೇಕು ಎಂಬುದು ಇನ್ನೊಂದು ನಿಯಮ. ನಾವು ಅದುವರೆಗೆ ಕಣ್ಣಳತೆಯಲ್ಲಿ ಸಪೂರ, ದಪ್ಪ ಎಂದು ಲೆಕ್ಕ ಹಾಕುತ್ತಿದ್ದೆವು. ಕ್ಯಾಪ್ಟನ್ ಹಟ ಹಿಡಿದರು. ಹಂಚಿನ ಕಾರ್ಖಾನೆಯಿಂದ ದೊಡ್ಡ ತಕ್ಕಡಿ ಕಡ ತಂದು ಕಟ್ಟಿಸಿದೆವು. ಮರ್ಯಾದಸ್ತ ಪ್ರಯಾಣಿಕರು ಸಿಟ್ಟಾಗಿ ಕಂಪನಿಗೆ ದೂರು ಕೊಡಲಿ ಎಂಬುದು ಕ್ಯಾಪ್ಟನ್‌ರ ಲೆಕ್ಕಾಚಾರ.

ಮೊದಲು ಬಂದವರು ಹೋಟೆಲಿನ ಯಜಮಾನರ ತಾಯಿ. ಇನ್ನೊಬ್ಬ ಮಗನದು ಬೊಂಬಾಯಿಯಲ್ಲಿ ಹೋಟೆಲು. ಅಲ್ಲಿಗೆ ಹೊರಟಿದ್ದರು. ತಕ್ಕಡಿ ನೋಡಿ ಅವರು ಸಿಟ್ಟಾಗಲಿಲ್ಲ. ಚಪ್ಪಲಿ ಕಳಚಿ, ಸೆರಗು ಹೊದ್ದು, ತಟ್ಟೆಯಲ್ಲಿ ಕೂತು ಕೈ ಮುಗಿದರು.

“ಯಾವ ದೇವರಿಗೆ?” ಎಂದು ಕೇಳಿದರು.

ಮನುಷ್ಯರನ್ನು ತಕ್ಕಡಿಯಲ್ಲಿ ಕೂರಿಸುವುದೆಂದರೆ ಅವರಿಗೆ ತುಲಾಭಾರವೇ. ನಾನು ಎದುರು ತಟ್ಟೆಗೆ ಕಬ್ಬಿಣದ ತೂಕದ ಬಟ್ಟು ಇಟ್ಟಾಗ ಮಾತ್ರ ಮುಖ ಸಣ್ಣದು ಮಾಡಿದರು. ದೇವರಿಗೆ ಕಬ್ಬಿಣ ಕೊಡುವುದು ಅವರು ಕಂಡದ್ದಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ವಾರದಿಂದ ಪ್ರಯಾಣಿಕರು ತೆಂಗಿನಕಾಯಿ, ಬಾಳೆಗೊನೆ, ಬೆಲ್ಲದ ಡಬ್ಬ ಹಿಡಿದು ಬರತೊಡಗಿದರು. ಒಬ್ಬರೂ ದೂರು ಕೊಡಲಿಲ್ಲ. ತೂಗಿಸಿಕೊಳ್ಳದೆ ಹತ್ತುವುದಿಲ್ಲ ಎಂದವರೂ ಇದ್ದರು.

ಆ ತಾಯಿ ಹೋಗುವ ಮೊದಲು ಕ್ಯಾಪ್ಟನ್ ಕಡೆ ಕೈ ತೋರಿಸಿ ನನ್ನನ್ನು ಕೇಳಿದ್ದರು: “ಓಡಿಸುವವರು ಕೂತುಕೊಳ್ಳುವುದಿಲ್ಲವಾ? ಮುಖ್ಯವಾಗಿ ಬೇಕಾದ್ದು ಅವರಿಗೇ ಅಲ್ಲವಾ?”

ಕ್ಯಾಪ್ಟನ್ ಬೂಟು ಕಳಚಿ ಕೂತರು.

೪. ಮದುಮಗ

ಮ್ಯಾನೇಜರರ ಒಬ್ಬಳೇ ಮಗಳಿಗೆ ಮದುವೆ ನಿಶ್ಚಯವಾಯಿತು. ಹುಡುಗನ ಮನೆಯೂ ಉರ್ವದಲ್ಲೇ, ಕೆಲಸ ಮಾತ್ರ ಬೊಂಬಾಯಿಯಲ್ಲಿ. ಸೋಮವಾರ ಬೆಳಿಗ್ಗೆ ಇಗರ್ಜಿಯಲ್ಲಿ ಮದುವೆ. ಹಿಂದಿನ ದಿನ ಅವನ ಮನೆಯಲ್ಲಿ ರೋಸ್, ಅಂದರೆ ಮದುಮಗನಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಹುಡುಗನಿಗೆ ರಜೆ ಸಿಕ್ಕಿದ್ದು ಕೊನೆಯ ಗಳಿಗೆಗೆ. ಅವನು ಭಾನುವಾರದ ವಿಮಾನಕ್ಕೇ ಬರಬೇಕು.

ಸಂಘ ಅದೇ ಭಾನುವಾರದಿಂದ ಮಂಗಳೂರಿಗೆ ಹಾರುವುದಿಲ್ಲ ಎಂದು ನೋಟೀಸು ಕೊಟ್ಟಿತು. ರಸ್ತೆಯಲ್ಲಿ ಬರಲಿ ಎಂದರೆ ದಾರಿಯ ಹೊಳೆಗಳಿಗೆ ಸೇತುವೆ ಇಲ್ಲ. ಪ್ರತಿಯೊಂದನ್ನೂ ದೋಣಿಯಲ್ಲಿ ದಾಟಿ ಬಂದರೆ ಅವನು ಮದುವೆಗಲ್ಲ, ನಾಮಕರಣಕ್ಕೆ ಮುಟ್ಟುತ್ತಾನೆ ಎಂದರು ಹೋಟೆಲಿನ ಯಜಮಾನರು.

ಮ್ಯಾನೇಜರ್ ಒಂದು ರಾತ್ರಿಯಲ್ಲಿ ಬದಲಾದರು. ಕ್ಯಾಪ್ಟನ್‌ರನ್ನು ಕರೆಸಿ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನೆಲದ ಮೇಲೆ ಕಾಯುವುದೂ ಕೆಲಸವೇ, ಅದಕ್ಕೂ ಭತ್ಯೆ, ಅದೂ ದಿನದ ಲೆಕ್ಕಕ್ಕೆ ಎಂದು ನನ್ನಿಂದ ಬರೆಸಿ ಸಹಿ ಹಾಕಿದರು. ಭಾನುವಾರದಿಂದಲೇ ಜಾರಿ. ಮದುವೆಗೆ ಕ್ಯಾಪ್ಟನ್‌ರನ್ನೂ ಕರೆದರು.

ಭಾನುವಾರ ಬೆಳಿಗ್ಗೆಯೇ ಮ್ಯಾನೇಜರೂ ನಾನೂ ಬಜ್ಪೆಯಲ್ಲಿದ್ದೆವು. ವಿಮಾನ ಬೊಂಬಾಯಿಯಿಂದ ಹೊರಟ ಸುದ್ದಿ ಬಂತು. ಬೆಳಗಾವಿಯಲ್ಲಿ ಟಯರು ಹೋದ ಸುದ್ದಿಯೂ ಬಂತು. ಹೊಸ ಟಯರು ತರಿಸಿ ಹಾಕುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಈಗ ಹೊರಡುತ್ತಾರೆ ಎಂದು ಮ್ಯಾನೇಜರ್ ಟೈ ಸರಿಮಾಡಿಕೊಂಡರು.

ವಾಯರ್‌ಲೆಸ್ಸಿನಲ್ಲಿ ಕ್ಯಾಪ್ಟನ್‌ರ ಸಂದೇಶ ಬಂತು. ನಾನು ಓದಿ ಹೇಳಿದೆ: ಟಯರಿಗೆ ಕಾದದ್ದೂ ಒಪ್ಪಂದದಂತೆ ಕೆಲಸ. ಇವತ್ತಿನ ಕೆಲಸದ ಹೊತ್ತು ಬೆಳಗಾವಿಯಲ್ಲೇ ಮುಗಿಯಿತು. ನಾಳೆ ಬೆಳಿಗ್ಗೆ ಬರುತ್ತೇವೆ.

ಇವತ್ತೊಂದು ದಿನ ಹಳೆಯ ಲೆಕ್ಕದಲ್ಲೇ ಬರಲಿ ಎಂದು ಮ್ಯಾನೇಜರ್ ಹೇಳಿಸಿದರು. ಉತ್ತರ ಬಂತು: “ಸಾಹೇಬ್ರ ಸಹಿ ಐತಿ. ತೂಕಡಿಸಿಕೋತ ಬಂದ್ರ ಮದುವಿ ಬಿಟ್ಟು ಬ್ಯಾರೆ ಕಾರ್ಯಾನ ಮಾಡಬೇಕಾದೀತು.”

ಮ್ಯಾನೇಜರ್ ವಾಯರ್‌ಲೆಸ್ ಕೋಣೆಯಿಂದ ಹೊರಗೆ ಬಂದರು. ಕಬ್ಬಿಣದ ಬೆಂಚಿನಲ್ಲಿ ಕೂತರು. ಎದ್ದರು. ರನ್‌ವೇ ತುದಿಗೆ ಹೋಗಿ ಉತ್ತರ ದಿಕ್ಕು ನೋಡಿದರು. ಮತ್ತೆ ಕೂತರು. ಮನೆಗೆ ಹೋಗೋಣ ಎಂದರೆ ಹೆಂಡತಿಗೆ ಏನು ಹೇಳುವುದು ಎಂದು ನನ್ನನ್ನೇ ಕೇಳಿದರು. ನನ್ನ ಬಿ.ಎಸ್ಸಿ.ಯಲ್ಲಿ ಅದು ಇರಲಿಲ್ಲ.

ಸೋಮವಾರ ಬೆಳಕಾದಾಗಲೂ ಅವರು ಅದೇ ಬೆಂಚಿನಲ್ಲಿದ್ದರು. ಇಗರ್ಜಿಯ ಹೊತ್ತಿಗೆ ಸ್ವಲ್ಪ ಮೊದಲು ಡಕೋಟಾ ಇಳಿಯಿತು. ಬಾಗಿಲಲ್ಲಿ ಮೊದಲು ಕಂಡವರು ಹೋಟೆಲಿನ ಯಜಮಾನರ ತಾಯಿ, ಬೊಂಬಾಯಿಯಿಂದ ವಾಪಸು. ಅವರ ಹಿಂದೆ ಮದುಮಗ. ತಲೆಯಿಂದ ಕಾಲಿನವರೆಗೆ ಮಿರಮಿರ ಮಿಂಚುತ್ತಿದ್ದ.

ನಡೆದದ್ದು ಇಷ್ಟು. ರೋಸ್ ತಪ್ಪಿತು ಎಂದು ಹುಡುಗ ಬೆಳಗಾವಿಯಲ್ಲಿ ಅಳುವ ಹಾಗಿದ್ದನಂತೆ. ಬೊಂಬಾಯಿಯಲ್ಲೂ ತೂಗುತ್ತಾರೆಂದು ಆ ತಾಯಿ ಚೀಲ ತುಂಬ ತೆಂಗಿನಕಾಯಿ ತಂದಿದ್ದರು. ಅಲ್ಲಿ ಯಾರೂ ತೂಗಿರಲಿಲ್ಲ. ಅದನ್ನೇ ತುರಿಸಿ, ಹಾಲು ಹಿಂಡಿಸಿ, ರೆಕ್ಕೆಯ ನೆರಳಲ್ಲಿ ಅವನನ್ನು ಕೂರಿಸಿ ಪ್ರಯಾಣಿಕರೆಲ್ಲ ಸೇರಿ ಹಚ್ಚಿದರು. ಹಾಡು ಯಾರಿಗೂ ಬರುತ್ತಿರಲಿಲ್ಲ. ಕ್ಯಾಪ್ಟನ್ ಧಾರವಾಡದ ಬೀಸುವ ಕಲ್ಲಿನ ಪದ ಹೇಳಿದರಂತೆ.

ಶಾಸ್ತ್ರ ಮುಗಿದ ಮೇಲೆ ಮದುಮಗ ಮನೆ ಬಿಟ್ಟು ಹೊರಗೆ ಹೋಗಬಾರದು ಎಂದರು ಆ ತಾಯಿ. ಮನೆ ಎಲ್ಲಿ ಉಂಟು? ಡಕೋಟಾವೇ ಮನೆ ಎಂದು ಅವರೇ ತೀರ್ಮಾನಿಸಿದರು. ಹುಡುಗ ಸೀಟಿನಲ್ಲೇ ಮಲಗಿದ. ಬಜ್ಪೆಯಲ್ಲೂ ಅವರು ಹೂಂ ಎನ್ನುವವರೆಗೆ ಮೆಟ್ಟಲಿಗೆ ಕಾಲಿಡಲಿಲ್ಲ. ಮನೆ ಸಮೇತ ಬಂದ ಅಳಿಯ ಉರ್ವದಲ್ಲಿ ಅವನೊಬ್ಬನೇ.

ಕ್ಯಾಪ್ಟನ್ ಕೊನೆಗೆ ಇಳಿದರು. ಚೆನ್ನಾಗಿ ನಿದ್ದೆ ಮಾಡಿದ ಮುಖ. ಮ್ಯಾನೇಜರರ ಕೆಂಪು ಕಣ್ಣು, ಕುತ್ತಿಗೆಯ ಹಿಂದೆ ಹೋಗಿದ್ದ ಟೈ, ಬೆಂಚು ಎಲ್ಲ ನೋಡಿದರು.

“ನಿನ್ನೆಯಿಂದ ಇಲ್ಲೇ ಕುಂತೀರೇನ್ರಿ, ಸಾಹೇಬ್ರ?”

ಮ್ಯಾನೇಜರ್ ಅವರ ಎರಡೂ ಕೈ ಹಿಡಿದುಕೊಂಡರು.

“ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ಕೆಲಸ ಮಾಡಿದ್ದೇ ಇಲ್ಲ, ಮಾರಾಯ್ರೆ.”