ಪೂಜೆಗೆ ಕೂತ ಕೀಬೋರ್ಡು

ದೇವರ ಮುಂದೆ ಇಟ್ಟ ಸಾಮಾನು ಕೆಡುವುದಿಲ್ಲ ಎಂದು ನಂಬಿರುವ ಹೆಂಗಸು ನಾನು. ಹೊಸ ಕುಕ್ಕರ್ ಬಂದರೂ ಅದರ ಹಣೆ ಎಲ್ಲಿದೆಯೆಂದು ಹುಡುಕಿ, ವಿಭೂತಿ ಹಚ್ಚಿಯೇ ಒಲೆಗೆ ಏರಿಸುವುದು. ಕುಕ್ಕರಿನಿಂದ ಈವರೆಗೆ ಯಾವ ದೂರೂ ಬಾರದ್ದರಿಂದ ನನ್ನ ಧೈರ್ಯ ಹೆಚ್ಚಾಗಿತ್ತು.

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಕೂದಲು ಬಿಳಿ ಮಾಡಿಕೊಂಡವರು. ಕೈ ನಡುಗುವ ಕಾಯಿಲೆ ಬಂದು ಕೆಲಸ ಬಿಟ್ಟು ಮಾಕಳಿಯ ಮನೆಯಲ್ಲಿ ಕೂತರು. ಹೊತ್ತು ಹೋಗಲೆಂದು ಮಗಳು ಟ್ಯಾಬ್ಲೆಟ್ ತಂದುಕೊಟ್ಟಳು. ಒಂದು ಕಡೆ ಮುಟ್ಟಲು ಹೋದರೆ ಅವರ ಬೆರಳು ನಾಲ್ಕು ಕಡೆ ಮುಟ್ಟುತ್ತಿತ್ತು. ಯಾರದೋ ಸಾವಿನ ಸುದ್ದಿಗೆ ನಗುವ ಮುಖ ಹೋಯಿತು. ಬೀಗರಿಗೆ ಬೆಳ್ಳಂಬೆಳಗ್ಗೆ ವಿಡಿಯೋ ಕಾಲ್ ಹೋಗಿ, ಬನಿಯನ್ನಿನಲ್ಲಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಂಗಾಲಾದರು. "ಬಾರೇ ಇಲ್ಲಿ, ಇದನ್ನ ಒತ್ತು" ಎಂಬ ಕೂಗು ನನ್ನ ಲಿಂಗಪೂಜೆಯ ನಡುವೆಯೂ ಬರುತ್ತಿತ್ತು.

ಆಮೇಲೆ ಮಗಳೇ ಒಂದು ಕೀಬೋರ್ಡ್ ತಂದು, ವೈರಿಲ್ಲದೆ ಟ್ಯಾಬ್ಲೆಟ್ಟಿಗೆ ಜೋಡಿಸಿದಳು. ಟ್ಯಾಬ್ ಎಂಬ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ನೀಲಿ ಚೌಕ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ; ಬೇಕಾದ ಕಡೆ ಬಂದಾಗ ಇನ್ನೊಂದು ಗುಂಡಿ ಒತ್ತಿದರಾಯಿತು. ಕೈಯನ್ನು ಮೇಜಿಗೆ ಊರಿಕೊಂಡು ಒತ್ತಬಹುದಾದ್ದರಿಂದ ನಡುಕ ಅಷ್ಟಾಗಿ ಅಡ್ಡ ಬರುತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಯಜಮಾನರು ತಾವೇ ಪೇಪರ್ ಓದಿದರು, ತಾವೇ ಫೋನ್ ಮಾಡಿದರು. ಶಿವ ದೊಡ್ಡವನು ಎಂದುಕೊಂಡೆ. ನನ್ನ ಪೂಜೆಗೂ ಪೂರ್ತಿ ಸಮಯ ಸಿಕ್ಕಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವರು ದುಡಿದ ಲೇತಿಗೆ ಅದೇ ಕೊನೆಯ ಪೂಜೆ. ಹಬ್ಬ ಕಳೆದ ಮೇಲೆ ಅದು ಗುಜರಿಗೆ ಹೋಗುವುದಿತ್ತು. ಮಂಗಳಾರತಿಯನ್ನು ವಿಡಿಯೋದಲ್ಲಿ ತೋರಿಸುತ್ತೇನೆಂದು ಕಾರ್ಖಾನೆಯ ಗೆಳೆಯ ರಾಜಣ್ಣ ಹೇಳಿದ್ದರು. ಯಜಮಾನರು ಬೆಳಗ್ಗೆಯೇ ಸ್ನಾನ ಮಾಡಿ, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿ ಕೂತಿದ್ದರು.

ನಾನು ಈಳಿಗೆಮಣೆ, ಮಿಕ್ಸಿ, ಸ್ಕೂಟರ್ ಕೀ ಎಲ್ಲ ಜೋಡಿಸುವಾಗ ಕೀಬೋರ್ಡೂ ಕಣ್ಣಿಗೆ ಬಿತ್ತು. ಇಷ್ಟು ಉಪಕಾರ ಮಾಡಿದ್ದನ್ನು ಬಿಡುವುದುಂಟೇ? ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಧಾರಾಳವಾಗಿ ಎಳೆದೆ.

"ಅದನ್ನ ಬಿಡೇ, ರಾಜಣ್ಣ ಫೋನ್ ಮಾಡ್ತಾನೆ."

"ಸುಮ್ನಿರ್ರೀ. ಪೂಜೆಗೆ ಇಟ್ಟಿದ್ದನ್ನ ನಾಳೆವರೆಗೂ ಮುಟ್ಟಂಗಿಲ್ಲ. ಫೋನ್ ಬಂದ್ರೆ ಒತ್ತಕ್ಕೆ ನಾನಿಲ್ವಾ?"

ನಾನಿರಲಿಲ್ಲ. ಪಕ್ಕದ ಮನೆಗೆ ಪ್ರಸಾದ ಕೊಡಲು ಹೋದವಳು, ಅವರು ತಂದಿದ್ದ ಬೂದುಗುಂಬಳದ ಗಾತ್ರ ಹೊಗಳುತ್ತ ನಿಂತುಬಿಟ್ಟೆ. ಬಂದಾಗ ಪರದೆ ಕಪ್ಪಾಗಿತ್ತು.

"ಬಂದಿತ್ತು ಕಣೇ. ಬೆರಳಲ್ಲಿ ಮುಟ್ಟಿದೆ, ಕಟ್ ಆಯ್ತು. ಮತ್ತೆ ಬಂತು, ಮತ್ತೆ ಕಟ್ ಆಯ್ತು."

"ಕೀಬೋರ್ಡ್ ಇಲ್ಲೇ ಇತ್ತಲ್ರೀ! ತಗೊಳ್ಳೋದಲ್ವಾ?"

"ನೀನೇ ಮುಟ್ಬೇಡಿ ಅಂದ್ಯಲ್ಲ."

ಉಪ್ಪಿನಕಾಯಿ ಕಡಿಮೆ ತಿನ್ನಿ ಎಂದರೆ ಕೇಳದ ಮನುಷ್ಯ ಅವತ್ತೇ ನನ್ನ ಮಾತು ಕೇಳಬೇಕಿತ್ತೇ! ರಾಜಣ್ಣನಿಗೆ ನಾನೇ ಫೋನ್ ಮಾಡಿದೆ.

"ಅಯ್ಯೋ ಅಕ್ಕಾ, ಎರಡ್ ಸಲಾನೂ ಕಟ್ ಮಾಡಿದ್ರು. ನೋಡಕ್ಕೆ ಸಂಕಟ ಆಗುತ್ತೇನೋ ಅನ್ಕೊಂಡು ಸುಮ್ನಾದೆ. ಮಂಗಳಾರತಿ ಆಗೋಯ್ತು, ಶಟರ್ ಕೂಡ ಎಳ್ದುಬಿಟ್ರು."

ಆಮೇಲೆ ಒಂದು ಫೋಟೋ ಕಳಿಸಿದರು. ಅದರಲ್ಲಿ ಸೇವಂತಿಗೆ ಹೂವಿನ ರಾಶಿ ಕಂಡಿತೇ ಹೊರತು ಯಂತ್ರ ಕಾಣಲಿಲ್ಲ. ಯಜಮಾನರು ಆ ಹೂವಿನ ರಾಶಿಯನ್ನೇ ಬಹಳ ಹೊತ್ತು ನೋಡಿದರು.

ಮರುದಿನ ಗುಂಡಿಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ವಿಭೂತಿಯನ್ನು ಹತ್ತಿಯಿಂದ ಒರೆಸಿದೆ. ಟ್ಯಾಬ್ ಗುಂಡಿಯನ್ನು ಒಮ್ಮೆ ಒತ್ತಿದರೆ ಚೌಕ ಈಗ ಎರಡು ಮೂರು ಹೆಜ್ಜೆ ಹಾರುತ್ತದೆ. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ಹೋಗ್ಲಿ ಬಿಡೇ, ಅದಕ್ಕೂ ನನ್ ಕೈ ಥರಾನೇ ನಡುಕ ಬಂತು. ಜೊತೆಯಾಯ್ತು."

ಬೈದಿದ್ದರೆ ಬೇಗ ಮರೆಯುತ್ತಿದ್ದೆನೇನೋ. ಮುಂದಿನ ಆಯುಧಪೂಜೆಗೆ ವಿಭೂತಿ ಹಚ್ಚಬೇಕಾದದ್ದು ಯಾವುದಕ್ಕೆಂದು ಈಗ ಗೊತ್ತಾಗಿದೆ. ಈ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಆಯುಧ ನನ್ನ ನಾಲಿಗೆ. ಪೂಜೆ ಮಾಡಿದ ಮೇಲೆ ಮರುದಿನದವರೆಗೂ ಅದನ್ನು ಬಳಸದಿರಲು ಶಿವ ಶಕ್ತಿ ಕೊಡಬೇಕಷ್ಟೆ.