ಹನ್ನೊಂದನೆಯ ಬ್ರಷ್

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಮಟನ್ ನಾರು. ಮೂರು ತಿಂಗಳ ಹಿಂದೆ ಒಂದು ನಿಕಾಹ್ ಊಟದಲ್ಲಿ ಅದು ಶಕೀಲಾಳ ಬಲಗಡೆ ಕೆಳದವಡೆಯ ಕಟ್ಟಕಡೆಯ ಹಲ್ಲಿನ ಹಿಂದೆ ಹೋಗಿ ಕೂತಿತು. ಮುಕ್ಕಳಿಸಿದರೆ ಬರಲಿಲ್ಲ, ಕಡ್ಡಿ ಹಾಕಿದರೆ ಬರಲಿಲ್ಲ. ನಾಲ್ಕನೆಯ ದಿನ ಕೆನ್ನೆ ಊದಿಕೊಂಡಾಗ ಗಂಡ ಜಿಯಾವುಲ್ಲಾ ಅವಳನ್ನು ಕುಕ್ ಟೌನಿನ ಹಲ್ಲಿನ ಡಾಕ್ಟರ್ ಪ್ರಿಯದರ್ಶಿನಿಯ ಹತ್ತಿರ ಕರೆದುಕೊಂಡು ಹೋದ.

"ಇದು ಬ್ರಷ್ ಹೋಗದ ಜಾಗ ಅಂಕಲ್," ಎಂದಳು ಡಾಕ್ಟರು. "ಹುಳುಕು ಶುರುವಾಗಿದೆ. ತೆಗೆದುಬಿಡೋದೇ ವಾಸಿ."

ತೆಗೆಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜಿಯಾವುಲ್ಲಾನ ಮುಖ ಬಿಳಿಚಿಕೊಂಡಿತು. ಐವತ್ತೆಂಟು ವಯಸ್ಸಿನ ಗಂಡಸು, ಆದರೆ ಹಲ್ಲು ಕೀಳುವ ಇಕ್ಕಳ ಕಂಡರೆ ಕಾಲು ನಡುಗುತ್ತದೆ. ಹಿಂದೆ ಮಗಳು ನಾಜಿಶಳ ಹಾಲುಹಲ್ಲಿಗೆ ದಾರ ಕಟ್ಟಿ ಎಳೆದವಳು ಶಕೀಲಾ, ಮೂರ್ಛೆ ಹೋದವನು ಇವನು. ಈಗ ಅವನು ಹೆಂಡತಿಯ ಕೈ ಹಿಡಿದುಕೊಂಡು ಡಾಕ್ಟರಿಗೆ ಹೇಳಿದ: "ತೆಗೆಯೋದೇನೂ ಬೇಡಮ್ಮ. ಬ್ರಷ್ ಹೋಗಲ್ಲ ತಾನೆ ತೊಂದ್ರೆ? ಹೋಗೋ ಬ್ರಷ್ ನಾನು ಮಾಡ್ತೀನಿ. ಮೂರು ತಿಂಗಳು ಟೈಮ್ ಕೊಡಿ. ಇವಳ ಬಾಯಿಂದ ಒಂದು ಹಲ್ಲೂ ಹೋಗೋಕೆ ಬಿಡಲ್ಲ."

ಬಾಯಿಗೆ ಬಂದದ್ದು ಹೇಳಿದನೆಂದುಕೊಳ್ಳಬೇಡಿ. ಶಿವಾಜಿನಗರದ ಓಣಿಯೊಂದರಲ್ಲಿ ಮೂವತ್ತು ವರ್ಷದಿಂದ ಕನ್ನಡಕ ರಿಪೇರಿ ಮಾಡುವವನು ಅವನು. ಅಂಗಡಿಯಲ್ಲಿ ಬಿಸಿ ಮರಳಿನ ತಟ್ಟೆಯೊಂದಿದೆ. ಕನ್ನಡಕದ ಕಡ್ಡಿಯನ್ನು ಅದರಲ್ಲಿ ಹೂತಿಟ್ಟು, ಮೆತ್ತಗಾದ ಮೇಲೆ ಗಿರಾಕಿಯ ಕಿವಿಗೆ ತಕ್ಕಂತೆ ಬಗ್ಗಿಸುತ್ತಾನೆ. ಕನ್ನಡಕದ ಕಡ್ಡಿ ಬಗ್ಗುವುದಾದರೆ ಬ್ರಷ್ಷಿನ ಕಡ್ಡಿ ಯಾಕೆ ಬಗ್ಗಬಾರದು ಎಂಬುದು ಅವನ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪಾದದ್ದು ಅಳತೆಯಲ್ಲಿ. ಅವನು ಸ್ಕೇಲು ಹಿಡಿದು ಬಂದಾಗ ಶಕೀಲಾ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು, "ಕಂಡವರ ಮೂಗಿಗೆ ಹಿಡಿಯೋ ಸ್ಕೇಲು ನನ್ನ ಬಾಯಿಗೆ ಬೇಡ," ಎಂದುಬಿಟ್ಟಳು. ಕನ್ನಡಕವನ್ನು ಗಿರಾಕಿಗೆ ಕೊಡುವ ಮುಂಚೆ ತನ್ನ ಮೂಗಿನ ಮೇಲೆ ಕೂರಿಸಿ ನೋಡುವುದು ಜಿಯಾವುಲ್ಲಾನ ಅಂಗಡಿಯ ಪದ್ಧತಿ. ಅದೇ ಪದ್ಧತಿಯಂತೆ ಒಂದೊಂದು ಬ್ರಷ್ಷನ್ನೂ ತನ್ನ ಬಾಯಲ್ಲೇ, ತನ್ನ ಬಲಗಡೆಯ ಕೊನೆಯ ಹಲ್ಲಿನ ಮೇಲೆ ದಿನಗಟ್ಟಲೆ ಉಜ್ಜಿ ಉಜ್ಜಿ ನೋಡಿದ. ಸರಿ ಅನಿಸಿದರೆ ಅಂಥದ್ದೇ ಹೊಸದೊಂದನ್ನು ಹೆಂಡತಿಗೆ ಮಾಡಿಕೊಟ್ಟು, ತನ್ನದನ್ನು ಎಸೆಯುತ್ತಿದ್ದ. ಮೊದಲನೆಯದು ಕೆನ್ನೆಗೆ ಚುಚ್ಚಿತು. ನಾಲ್ಕನೆಯದು ಕಿರುನಾಲಿಗೆಯವರೆಗೂ ಹೋಗಿ ವಾಂತಿ ಬರಿಸಿತು. ಏಳನೆಯದಕ್ಕೆ ಕತ್ತು ತಿರುಗಲೆಂದು ಕನ್ನಡಕದ ಪುಟ್ಟ ಸ್ಕ್ರೂ ಹಾಕಿದ್ದ. ಅದು ಬಾಯೊಳಗೇ ಕಳಚಿ, ಹಲ್ಲಿನಡಿ ಸಿಕ್ಕು, ಕಟ್ ಅಂದಿತು. ಸ್ಕ್ರೂ ಕೈಗೆ ಸಿಕ್ಕಿತು, ಆ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ.

ಕೊನೆಗೆ ಹನ್ನೊಂದನೆಯದು ಸರಿಯಾಯಿತು. ಕೊಕ್ಕರೆ ಕತ್ತಿನಂತೆ ಬಾಗಿದ ಕಡ್ಡಿ, ತುದಿಯಲ್ಲಿ ಹೆಸರುಕಾಳಿನಷ್ಟು ಬ್ರಷ್ಷು. ಶಕೀಲಾ ಬೆಳಿಗ್ಗೆ ರಾತ್ರಿ ತಪ್ಪದೆ ಉಜ್ಜಿದಳು. ನೋವು ಹೇಗಿದೆ ಎಂದರೆ, "ಒಂಚೂರೂ ಇಲ್ಲ," ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಜಿಯಾವುಲ್ಲಾನಿಗೆ ಮದುವೆಯ ದಿನದಷ್ಟೇ ಖುಷಿಯಾಗುತ್ತಿತ್ತು.

ಹೇಳಿದ ಮೂರು ತಿಂಗಳು ಮುಗಿದದ್ದು ಒಂದು ಶುಕ್ರವಾರ. ಅಂಗಡಿಗೆ ರಜೆ. ಬೆಳಿಗ್ಗೆ ಚಹಾ ಕುಡಿಯುತ್ತ ಅವನು ಹೇಳಿದ. ಮನೆಯೊಳಗಿನ ಮಾತೆಲ್ಲ ದಖನಿ ಉರ್ದುವಿನಲ್ಲೇ, ಅದನ್ನು ಕನ್ನಡಕ್ಕೆ ತಂದು ಹೇಳುವುದು ಕತೆ ಹೇಳುವವರ ಕರ್ಮ.

"ಸಂಜೆ ರೆಡಿಯಾಗಿರು. ಡಾಕ್ಟರಿಗೆ ತೋರಿಸ್ಕೊಂಡು ಬರೋಣ."

ಶಕೀಲಾಳ ಕೈಯಿಂದ ಸೌಟು ಜಾರಿತು. "ಯಾಕೀಗ? ನೋವೇ ಇಲ್ಲವಲ್ಲ."

"ಅದನ್ನೇ ತೋರಿಸೋದು. ಆ ಹುಡುಗಿ ಮುಂದೆ ನೀನು 'ಆ' ಅಂತ ಬಾಯಿ ತೆರೀಬೇಕು, ನಾನು ಪಕ್ಕದಲ್ಲಿ ನಿಂತಿರಬೇಕು."

"ಇವತ್ತು ಬಟ್ಟೆ ನೆನೆಸಿದೀನಿ. ಮುಂದಿನ ಶುಕ್ರವಾರ ಹೋದ್ರಾಯ್ತು ಬಿಡಿ."

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಒಂದು ತಲೆ ಬಗ್ಗಿತು. ಅದು ಮನೆ ಓನರು ಮುನಿಆಂಜನಪ್ಪನ ತಲೆ. ಇವರೆಲ್ಲ ಇರುವ ಈ ಕಗ್ಗದಾಸಪುರ ಹಳ್ಳಿಯಾಗಿದ್ದಾಗ ಅವರ ರಾಗಿ ಹೊಲ ಇದ್ದಲ್ಲೇ ಈಗ ಅವರ ಮೂರಂತಸ್ತಿನ ಕಟ್ಟಡ ಎದ್ದಿದೆ. ಬೆಳೆ ಕಾಯುವ ಕೆಲಸ ತಪ್ಪಿದ ಮೇಲೆ ಅವರು ಬಾಡಿಗೆದಾರರ ಮಾತು ಕಾಯುತ್ತಿದ್ದರು.

"ಮುಂದಿನ ವಾರ ಯಾಕ್ರೀ ಶಕೀಲಮ್ಮ? ಇವತ್ತೇ ಆಗೋಗ್ಲಿ. ನಾನೂ ಬತ್ತೀನಿ," ಎಂದರು ಅವರು. "ಭಾಯ್, ನಿಮ್ ಬ್ರಷ್ ವಿಷ್ಯ ನಮ್ ನೆಂಟರಿಗೆಲ್ಲ ಹೇಳ್ಬುಟ್ಟಿದೀನಿ. ನಂಗೂ ಒಂದು ಮಾಡ್ಕೊಡಿ ಮತ್ತೆ."

"ಆಯ್ತಣ್ಣ, ಮಾಡ್ಕೊಡ್ತೀನಿ."

ಅವರ ಹೆಂಡತಿ ಆಂಜನಮ್ಮ ಹಿಂದಿನಿಂದ ಗಂಡನ ಅಂಗಿ ಜಗ್ಗಿದರು. "ಅವರವರ ಹಲ್ಲು ಅವರವರು ತೋರಿಸ್ಕೊತಾರೆ. ನಿಮಗ್ಯಾಕೆ?" ಆಂಜನಮ್ಮನೂ ಶಕೀಲಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಿಯಾವುಲ್ಲಾ ಆಗ ಯಾವ ಅಂಗಿ ಹಾಕಿಕೊಳ್ಳುವುದೆಂಬ ಯೋಚನೆಯಲ್ಲಿದ್ದ.

ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಬಿರಿಯಾನಿ. ಪಾತ್ರೆಯಲ್ಲಿದ್ದ, ಮಜ್ಜೆ ತುಂಬಿದ ಒಂದೇ ನಲ್ಲಿಮೂಳೆಯನ್ನು ಜಿಯಾವುಲ್ಲಾ ಹೆಂಡತಿಯ ತಟ್ಟೆಗೆ ಹಾಕಿದ. "ತಿನ್ನು. ಹಲ್ಲು ಗಟ್ಟಿಯಾಗಿದೆಯಲ್ಲ."

"ನಿಮಗಿಷ್ಟ ಅಲ್ವಾ, ನೀವು ತಿನ್ನಿ," ಎಂದು ಅವಳು ವಾಪಸು ಹಾಕಿದಳು.

"ನಿನಗೋಸ್ಕರ ಅಂತಾನೇ ತಂದಿದ್ದು."

"ನಿಮಗೋಸ್ಕರ ಅಂತಾನೇ ಬೇಯಿಸಿದ್ದು."

ಮೂಳೆ ಹೀಗೆ ನಾಲ್ಕು ಸಲ ಆ ತಟ್ಟೆಗೂ ಈ ತಟ್ಟೆಗೂ ಓಡಾಡಿ, ಕೊನೆಗೆ ಹಿತ್ತಲ ಬೆಕ್ಕಿನ ಪಾಲಾಯಿತು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೂ ಇಷ್ಟು ಪ್ರೀತಿ ಉಳಿದಿದೆಯಲ್ಲ ಎಂದು ಜಿಯಾವುಲ್ಲಾನ ಕಣ್ಣು ಒದ್ದೆಯಾಯಿತು. ಇಬ್ಬರೂ ಎಡಗಡೆಯಲ್ಲೇ ಮೆತ್ತಗೆ ಅಗಿಯುತ್ತ ಅನ್ನ ಮುಗಿಸಿದರು.

ನಾಲ್ಕು ಗಂಟೆಗೆ ಹೊರಡಬೇಕು ಅನ್ನುವಾಗ ಬ್ರಷ್ಷೇ ಕಾಣೆ.

"ಅದಿಲ್ದೆ ಹೋಗಿ ಏನು ಪ್ರಯೋಜನ? ಬಿಟ್ಬಿಡಿ," ಎಂದಳು ಶಕೀಲಾ. ಅವಳ ಧ್ವನಿಯಲ್ಲಿ ದುಃಖ ಸ್ವಲ್ಪ ಕಡಿಮೆಯೇ ಇತ್ತು. ಜಿಯಾವುಲ್ಲಾ ಬಚ್ಚಲು ಹುಡುಕಿದ, ಮಂಚದ ಕೆಳಗೆ ಹುಡುಕಿದ, ಬೆಕ್ಕಿನ ಮೇಲೂ ಅನುಮಾನಪಟ್ಟ. ಮಾಳಿಗೆ ಮೇಲೇನಾದರೂ ಬಿದ್ದಿದೆಯೇ ಎಂದು ಮೆಟ್ಟಿಲು ಹತ್ತಿದವನಿಗೆ ಓನರ್ ಮನೆಯ ಬಾಗಿಲಲ್ಲೇ ಮುನಿಆಂಜನಪ್ಪ ಸಿಕ್ಕಿದರು. ಬಾಯಿ ತುಂಬ ನೊರೆ, ನೊರೆಯ ನಡುವೆ ಕೊಕ್ಕರೆ ಕತ್ತು.

"ಏನ್ ಸ್ಪೀಡು ಭಾಯ್ ನಿಮ್ದು. ಬೆಳಿಗ್ಗೆ ಕೇಳಿದ್ದು, ಮಧ್ಯಾಹ್ನಕ್ಕೆ ಕಳಿಸ್ಬುಟ್ಟಿದೀರ," ಎಂದರು ಅವರು. "ಅಡಿಗೆಮನೇಲಿತ್ತು, ಎತ್ಕೊಂಡೆ. ಮೂಲೆಮೂಲೆಗೂ ಹೋಗ್ತದೆ. ಬೆಳ್ಳುಳ್ಳಿ ವಾಸ್ನೆ ಒಂದು ಜಾಸ್ತಿ ಆಯ್ತು, ಅದೇನ್ ಔಷ್ದೀನಾ?"

ಹಿಂದಿದ್ದ ಆಂಜನಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ನಿಮ್ಮ. ಅದ್ರಲ್ಲಿ ನಾನು ಮಿಕ್ಸಿ ಜಾರಿನ ತಳ ಉಜ್ಜಿದ್ದೆ ಕಣ್ರೀ. ಹತ್ತು ವರ್ಷದ ಮಸಾಲೆ ಅದ್ರಲ್ಲೇ ಬಂತು."

ಮುನಿಆಂಜನಪ್ಪ ಬಚ್ಚಲಿಗೆ ಓಡಿದರು. ತನ್ನ ಬ್ರಷ್ಷು ಮಿಕ್ಸಿಯ ಬುಡಕ್ಕೆ ಹೇಗೆ ಬಂತು ಎಂದು ಕೇಳುವ ಬುದ್ಧಿ ಜಿಯಾವುಲ್ಲಾನಿಗೆ ಆ ಹೊತ್ತಿನಲ್ಲಿ ಬರಲಿಲ್ಲ. ಸಿಕ್ಕಿತಲ್ಲ, ಅಷ್ಟೇ ಸಾಕು ಅನಿಸಿತು. ಬಿಸಿನೀರಲ್ಲಿ ಮೂರು ಸಲ ತೊಳೆದು, ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ, ಜೇಬಿಗಿಟ್ಟುಕೊಂಡ.

ಒಂದೇ ಆಟೋದಲ್ಲಿ ನಾಲ್ಕು ಜನ ಹೊರಟರು. ಡ್ರೈವರು ತಕರಾರು ತೆಗೆದಾಗ ಮುನಿಆಂಜನಪ್ಪ ಅವನ ಪಕ್ಕದಲ್ಲೇ ತೂರಿಕೊಂಡು, "ಈ ರೋಡು ನಮ್ ತಾತನ ಹೊಲದಲ್ಲೇ ಹೋಗಿರೋದು ಕಣಪ್ಪ, ನಡಿ," ಎಂದರು. ರೈಲ್ವೆ ಗೇಟು ಮುಚ್ಚಿತ್ತು. ಮುಂದೆ ನೂರು ಬೈಕು, ಹಿಂದೆ ನೂರು ಕಾರು.

ಶಕೀಲಾ ಗಂಡನ ತೋಳು ಹಿಡಿದಳು. "ನಿಮಗೊಂದು ಮಾತು ಹೇಳ್ಬೇಕಿತ್ತು. ತುಂಬ ದಿನದಿಂದ ಹೇಳ್ಬೇಕು ಅನ್ಕೊಂಡೆ, ಆಗ್ಲೇ ಇಲ್ಲ."

"ನನಗೆ ಗೊತ್ತು," ಎಂದ ಜಿಯಾವುಲ್ಲಾ ಅವಳ ಕೈ ತಟ್ಟುತ್ತ. "ಭಯ ಆಗ್ತಿದೆ ನಿನಗೆ. ನಾನಿದ್ದೀನಿ. ಇಕ್ಕಳ ನಿನ್ನ ಹತ್ತಿರಕ್ಕೂ ಬರಲ್ಲ."

ಶಕೀಲಾ ತೋಳು ಬಿಟ್ಟಳು. ಇಷ್ಟು ನಂಬಿಕೆಯಿಂದ ನೋಡುವ ಮುಖಕ್ಕೆ ಏನು ಹೇಳಲಾದೀತು? ಗೇಟು ತೆರೆಯಿತು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪ್ರಿಯದರ್ಶಿನಿ ಇವರ ದಂಡು ನೋಡಿ ಎದ್ದೇ ನಿಂತಳು. "ಏನ್ ಆಂಟಿ, ಎಲ್ಲರೂ ಬಂದ್ಬಿಟ್ಟಿದೀರ. ಏನಾದ್ರೂ ತೊಂದ್ರೆನಾ?"

"ತೊಂದ್ರೆ ಎಲ್ಲಿ ಬಂತಮ್ಮ, ಹೋಯ್ತದು. ನೀವು ಇಲ್ಲಿ ಬನ್ನಿ," ಎಂದು ಜಿಯಾವುಲ್ಲಾ ಡಬ್ಬಿ ತೆರೆದು ಬ್ರಷ್ಷನ್ನು ಮೇಜಿನ ಮೇಲಿಟ್ಟ. ಸ್ಕ್ರೂ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. "ನಾನೇ ತೋರಿಸ್ತೀನಿ. ಶಕೀಲಾ, ಆ ಅನ್ನು."

ಶಕೀಲಾ ಆಂಜನಮ್ಮನನ್ನು ನೋಡಿದಳು. ಆಂಜನಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು. ಶಕೀಲಾ ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ತೆರೆದಳು.

ಜಿಯಾವುಲ್ಲಾ ಬಗ್ಗಿ ನೋಡಿದ. ಕಣ್ಣಿನ ಗಾಜು ಒರೆಸಿಕೊಂಡು ಮತ್ತೆ ನೋಡಿದ. ಮುಂದಿನಿಂದ ಹಿಂದಕ್ಕೆ ಎಣಿಸಿದ, ಹಿಂದಿನಿಂದ ಮುಂದಕ್ಕೆ ಎಣಿಸಿದ. ಹಲ್ಲು ಇರಬೇಕಾದಲ್ಲಿ ನುಣ್ಣನೆಯ ಗುಲಾಬಿ ವಸಡು ಮಾತ್ರ ಇತ್ತು.

"ಇಲ್ಲಿ ಹಲ್ಲಿಲ್ಲವಲ್ಲ," ಎಂದ, ಅಂಗಡಿಯಲ್ಲಿ ಇಟ್ಟ ಸಾಮಾನು ಇಟ್ಟಲ್ಲಿ ಸಿಗದವನ ಹಾಗೆ.

ಶಕೀಲಾ ಕಣ್ಣು ತೆರೆದಳು. "ಎರಡನೇ ವಾರದಲ್ಲೇ ತೆಗೆಸ್ಬಿಟ್ಟೆ. ತಡೆಯೋಕಾಗ್ಲಿಲ್ಲ ನೋವು. ನೀವು ಅಂಗಡಿಗೆ ಹೋದ್ಮೇಲೆ ಆಂಜನಮ್ಮಕ್ಕ ಕರ್ಕೊಂಡು ಬಂದ್ರು. ಸಂಜೆ ಹೇಳೋಣ ಅಂತಿದ್ದೆ. ನೀವು ಮೂರನೇ ಬ್ರಷ್ ಹಿಡ್ಕೊಂಡು ಬಂದ್ರಿ, ಎರಡು ಬೆರಳು ಮರಳಲ್ಲಿ ಸುಟ್ಕೊಂಡಿದ್ರಿ. ಹೆಂಗೆ ಹೇಳ್ಲಿ?"

"ಮತ್ತೆ ದಿನಾ ಉಜ್ಜುತ್ತಿದ್ದೆಯಲ್ಲ?"

"ಖಾಲಿ ಜಾಗಾನೇ ಉಜ್ಜುತ್ತಿದ್ದೆ. ನೀವು ಮಾಡಿದ್ದು, ಸುಮ್ನೆ ಇಡೋಕೆ ಮನಸ್ಸು ಬರ್ಲಿಲ್ಲ. ಇವತ್ತು ಮಾತ್ರ ಮೇಲೆ ಕಳಿಸ್ಬಿಟ್ಟೆ, ಬ್ರಷ್ ಸಿಗದಿದ್ರೆ ನೀವು ಹೊರಡಲ್ಲ ಅಂತ."

ಮುನಿಆಂಜನಪ್ಪ ಹೆಂಡತಿಯ ಕಡೆ ತಿರುಗಿದರು. "ನನ್ಗೂ ಹೇಳ್ಲಿಲ್ವಲ್ಲೇ ನೀನು."

"ನಿಮಗೆ ಹೇಳಿದ್ರೆ ಊರಿಗೇ ಹೇಳ್ದಂಗೆ," ಎಂದರು ಆಂಜನಮ್ಮ.

ಜಿಯಾವುಲ್ಲಾನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಬ್ಬಳೇ ಈ ಇಕ್ಕಳದ ಮುಂದೆ ಕೂತಳಲ್ಲ, ಕೈ ಹಿಡಿಯಲು ತಾನಿರಲಿಲ್ಲವಲ್ಲ ಅನಿಸಿತು. ಹತ್ತಿರದಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟ. ಅದು ರೋಗಿಗಳ ಕುರ್ಚಿ, ತಾನಾಗಿ ಹಿಂದಕ್ಕೆ ವಾಲಿತು. ಅವನು ಬಾಯಿ ತೆರೆದು ಜೋರಾಗಿ ಉಸಿರು ಬಿಟ್ಟ.

ಬಾಯಿ ತೆರೆದವರನ್ನು ಸುಮ್ಮನೆ ಬಿಡುವ ಜಾತಿಯಲ್ಲ ಹಲ್ಲಿನ ಡಾಕ್ಟರುಗಳದ್ದು. ಪ್ರಿಯದರ್ಶಿನಿ ದೀಪ ಎಳೆದುಕೊಂಡು ಬಗ್ಗಿದಳು. "ಅಂಕಲ್, ಒಂದು ನಿಮಿಷ ಹಾಗೇ ಇರಿ. ಈ ಕೊನೇ ಹಲ್ಲಿಗೆ ಏನ್ ಮಾಡಿದೀರ ನೀವು? ಸುತ್ತ ವಸಡೇ ಸವೆದುಹೋಗಿದೆ. ಹಲ್ಲು ಅರ್ಧಕ್ಕೆ ಸೀಳಿದೆ. ನೋವಿಲ್ವಾ?"

ಜಿಯಾವುಲ್ಲಾ ಹೆಂಡತಿಯ ಕಡೆ ಕಳ್ಳನೋಟ ಬೀರಿದ. "ಒಂದು ತಿಂಗಳಿಂದ ಇದೆ," ಎಂದ ಮೆಲ್ಲಗೆ. "ಹೇಳಿದ್ರೆ ಇವಳು ಬ್ರಷ್ ಮಾಡೋದು ನಿಲ್ಲಿಸು ಅಂತಿದ್ದಳು."

"ಅದಕ್ಕೇನಾ ನಲ್ಲಿಮೂಳೆ ನನ್ನ ತಟ್ಟೆಗೆ ಹಾಕಿದ್ದು?" ಎಂದಳು ಶಕೀಲಾ.

"ನೀನು ವಾಪಸು ಹಾಕಿದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದ ಅವನು.

"ಇದನ್ನ ಉಳಿಸೋಕೆ ಆಗಲ್ಲ ಅಂಕಲ್," ಎಂದಳು ಡಾಕ್ಟರು. "ಇವತ್ತೇ ತೆಗೀಬೇಕು. ಇನ್ನು ಮೂರು ತಿಂಗಳು ಟೈಮ್ ಕೊಡಿ ಅಂತ ಮಾತ್ರ ಕೇಳ್ಬೇಡಿ."

ಏಳಲು ಹೋದವನ ಹೆಗಲನ್ನು ಮುನಿಆಂಜನಪ್ಪ ಹಿಂದಿನಿಂದ ಒತ್ತಿ ಹಿಡಿದರು. ಶಕೀಲಾ ಪಕ್ಕಕ್ಕೆ ಬಂದು ಅವನ ಸುಟ್ಟ ಕಲೆಯ ಎರಡು ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು. "ಏನೂ ಆಗಲ್ಲ. ನನ್ನ ಮುಖ ನೋಡ್ತಾ ಇರಿ. ಇಕ್ಕಳದ ಕಡೆ ನೋಡ್ಬೇಡಿ." ಅವನು ಅವಳ ಮುಖವನ್ನೇ ನೋಡಿದ. ಈ ಸಲ ಮೂರ್ಛೆ ಹೋಗಲಿಲ್ಲ. ಮೂರ್ಛೆ ಹೋದವರು ಇಕ್ಕಳ ನೋಡಿದ ಮುನಿಆಂಜನಪ್ಪ.

ವಾಪಸು ಬರುವಾಗಲೂ ರೈಲ್ವೆ ಗೇಟು ಮುಚ್ಚಿತ್ತು. ಬಾಯಿ ತುಂಬ ಹತ್ತಿ ಕಚ್ಚಿಕೊಂಡ ಜಿಯಾವುಲ್ಲಾನಿಗೆ ಮಾತಾಡುವಂತಿರಲಿಲ್ಲ. ಆಂಜನಮ್ಮ ಅದೇ ಸಮಯ ನೋಡಿ, "ಭಾಯ್, ನಮ್ಮಕ್ಕ ತಂಗೀರ್ಗೆಲ್ಲ ಸೇರಿ ಅಂಥವೇ ಆರು ಮಾಡ್ಕೊಡಿ, ಮಿಕ್ಸಿಗೆ," ಎಂದರು. ಅವನು ತಲೆಯಾಡಿಸಿದ. ಆಮೇಲೆ ಜೇಬಿನಿಂದ ಡಬ್ಬಿ ತೆಗೆದು, ಹನ್ನೊಂದನೆಯ ಬ್ರಷ್ಷನ್ನು ಒಂದು ಕ್ಷಣ ನೋಡಿ, ಆಟೋದಾಚೆ ಎಸೆಯಲು ಕೈ ಎತ್ತಿದ.

ಶಕೀಲಾ ಅದನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಎಸೀಬೇಡಿ. ಒಂದು ವಾರ ಹೋಗ್ಲಿ, ಗಾಯ ಆರಲಿ," ಎಂದಳು. "ಆಮೇಲೆ ನೀವೂ ಇಂಥದ್ದೇ ಒಂದು ಮಾಡ್ಕೊಂಡು ಉಜ್ಜಿ. ಎರಡೂವರೆ ತಿಂಗಳಿಂದ ಉಜ್ಜುತ್ತಿದೀನಿ, ನನಗೆ ಗೊತ್ತು. ಹಲ್ಲಿಲ್ಲದ ಜಾಗಕ್ಕೆ ಇದರಷ್ಟು ಸಲೀಸಾಗಿ ಹೋಗೋ ಬ್ರಷ್ಷು ಇನ್ನೊಂದಿಲ್ಲ."